ಗಾಲಿಗೆ ಜ್ವರ

ತಳಕು ಊರು ದಾಟಿದ ಮೇಲೆ ಟೈರು ಸಿಡಿಯಬಹುದಿತ್ತು. ಸಿಡಿಯದಿದ್ದರೆ ಜಾಲಿ ಮುಳ್ಳು ಚುಚ್ಚಬಹುದಿತ್ತು. ಮುಳ್ಳಿಗೂ ನಾವು ಬೇಡವಾದರೆ, ಮುಂದೆ ಹೋಗುವ ಲಾರಿಯ ಹಳೇ ಟೈರಿನ ಮೇಲ್ಪದರ ಹಾವಿನ ಪೊರೆಯ ಹಾಗೆ ಸುಲಿದು ಹಾರಿಬಂದು ನನ್ನ ಗಾಜಿಗೆ ಬಡಿಯಬಹುದಿತ್ತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲಿ ಗಾಳಿ ಇಲ್ಲದಿರಬಹುದಿತ್ತು. ಗಾಳಿ ಇದ್ದರೆ ಜಾಕು ಕೈಕೊಡಬಹುದಿತ್ತು. ಜಾಕು ನೆಟ್ಟಗಿದ್ದರೆ ಅದನ್ನು ತಿರುಗಿಸುವಾಗ ನನ್ನ ಸೊಂಟ ಹಿಡಿದುಕೊಳ್ಳಬಹುದಿತ್ತು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಿಬರುವುದು ಊರಿನವರಿಗೆಲ್ಲ ಒಂದು ಚಿಲ್ಲರೆ ಕೆಲಸ. ನನಗೆ ಮಾತ್ರ ಅದು ಹೊರಡುವ ಮುಂಚೆ ಹತ್ತಾರು ಸಲ ಮನಸ್ಸಿನಲ್ಲೇ ಅಪಘಾತ ಮಾಡಿಕೊಂಡು ಮುಗಿಸಬೇಕಾದ ಯಾತ್ರೆ.

ಹೋಗಲೇಬೇಕಾದ ಕಾರಣ ನನ್ನ ಹೆಂಡತಿ ನಾಗರತ್ನ. ಅವಳು ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ಟೀಚರು. ವರ್ಗವಾದ ಮೇಲೆ ಅಲ್ಲೇ ಒಂದು ರೂಮು ಮಾಡಿಕೊಂಡಿದ್ದಾಳೆ. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಮ್ಯಾನೇಜರು. ಮಕ್ಕಳಿಬ್ಬರೂ ಮದುವೆಯಾಗಿ ಹೋದವರು. ಹೀಗಾಗಿ ವಾರವಿಡೀ ಮನೆಯಲ್ಲಿ ಮಾತಾಡುವುದು ಕುಕ್ಕರು ಒಂದೇ, ಅದೂ ಮೂರು ಕೂಗಿಗೆ ಸುಮ್ಮನಾಗುತ್ತದೆ. ಒಬ್ಬನಿಗೆ ಸಾರು ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಎಷ್ಟು ಕಮ್ಮಿ ಬೇಳೆ ಹಾಕಿದರೂ ಅದು ಇನ್ಯಾರಿಗೋ ಕಾಯುವ ಹಾಗೆ ಉಳಿದೇ ಉಳಿಯುತ್ತದೆ. ನಾಗರತ್ನ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ಬರುತ್ತಿದ್ದಳು. ಇತ್ತೀಚೆಗೆ ಅದೂ ಕಮ್ಮಿಯಾಯಿತು. ಒಂದು ವಾರ ತರಬೇತಿ, ಇನ್ನೊಂದು ವಾರ ತಲೆನೋವು. ಕೊನೆಗೊಂದು ದಿನ ಫೋನಿನಲ್ಲಿ ಹೇಳಿಯೇಬಿಟ್ಟಳು: "ಅಷ್ಟು ದೊಡ್ಡ ಗಾಡಿ ಮನೆ ಮುಂದೆ ನಿಲ್ಲಿಸ್ಕೊಂಡಿರೋದು ಏನು ದೃಷ್ಟಿ ತೆಗೆಯೋಕಾ? ಒಂದು ಶನಿವಾರ ಬಂದು ಕರ್ಕೊಂಡು ಹೋಗ್ರಿ ನೋಡಾನ. ಇಲ್ಲಾಂದ್ರೆ ನಾನು ದಸರಾ ರಜಕ್ಕೇ ಬರೋದು."

ದಸರಾ ಅಂದರೆ ಇನ್ನೂ ಎಷ್ಟು ಸಾರು! ಕೂಡಲೇ ಹೊರಟುಬಿಡುತ್ತಿದ್ದೆ, ಟೈರಿನದೊಂದು ಚಿಂತೆ ಇಲ್ಲದಿದ್ದರೆ. ಏಳು ಜನ ಕೂರುವ ಆ ಗಾಡಿಯನ್ನು ಮನೆ ತುಂಬಿದ್ದ ಕಾಲದಲ್ಲಿ ತೆಗೆದುಕೊಂಡದ್ದು. ಈಗ ಅದು ವಾರಕ್ಕೊಮ್ಮೆ ತರಕಾರಿ ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ಮೆಂತ್ಯದ ಸೊಪ್ಪನ್ನು ಗಾಂಭೀರ್ಯದಿಂದ ಹೊತ್ತು ತರುತ್ತದೆ. ಇಂಥ ಗಾಡಿಯ ಟೈರು ಎಷ್ಟು ದಿನ ಬರುತ್ತದೆ ಎಂಬ ವಿಷಯದಲ್ಲಿ ನಾನು ಕೇಳದ ಮನುಷ್ಯನಿಲ್ಲ, ನೋಡದ ವಿಡಿಯೋ ಇಲ್ಲ. ಒಬ್ಬರು ನಲವತ್ತು ಸಾವಿರ ಕಿಲೋಮೀಟರ್ ಎಂದರು. ಇನ್ನೊಬ್ಬರು ಅರವತ್ತು. ನಮ್ಮ ಮಿಲ್ಲಿಗೆ ಶೇಂಗಾ ತರುವ ಲಾರಿ ಡ್ರೈವರು ಮಾತ್ರ, "ಒಳಗಿನ ದಾರ ಕಾಣೋವರೆಗೂ ಟೈರೇ ಸಾಮಿ, ಕಂಡ ಮ್ಯಾಲೂ ಒಂದು ಟ್ರಿಪ್ಪು ಹೋಗಬೌದು" ಎಂದು ಧೈರ್ಯ ಹೇಳಿದ. ಅವನ ಧೈರ್ಯ ಕೇಳಿದ ಮೇಲೆ ನಾನು ಲಾರಿಗಳ ಪಕ್ಕದಲ್ಲಿ ನಡೆಯುವುದನ್ನೂ ಬಿಟ್ಟೆ.

ನನ್ನ ಟೈರುಗಳು ಸವೆದಿರಲಿಲ್ಲ. ಮೇಲಿನ ಗೀರುಗಳು ಹಾಗೇ ಇದ್ದವು. ಆದರೆ ಪಕ್ಕೆಯಲ್ಲೆಲ್ಲ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ಟೈರಿನಂಗಡಿಯ ಬಾಷಾ ಸಾಬರು ಬಗ್ಗಿ ನೋಡಿ ನಕ್ಕರು. "ಓಡಿ ಸವೆದ ಟೈರಲ್ಲ ಸಾಹೇಬ್ರೆ, ನಿಂತು ಒಣಗಿದ್ದು. ಏನ್ ಮನೇಲಿ ಒಬ್ರೇನಾ?"

"ಅದಕ್ಕೂ ಟೈರಿಗೂ ಏನು ಸಂಬಂಧ?"

"ಏನಿಲ್ಲ, ಬೀಬಿ ಇದ್ರೆ ಗಾಡಿ ಹಿಂಗೆ ನಿಲ್ಲಾಕೆ ಬಿಡ್ತಿದ್ರಾ ಅಂತ ಕೇಳ್ದೆ!"

ನಾಲ್ಕೂ ಟೈರು ಹೊಸದು ಹಾಕಿಸಿದೆ. ಹಳೆಯದರ ಜೊತೆ ನನ್ನ ಚಿಂತೆಯೂ ಅಂಗಡಿಯಲ್ಲೇ ಉಳಿಯಬೇಕಿತ್ತು. ಉಳಿಯಲಿಲ್ಲ, ಹೊಸದರ ಮೇಲೆ ಹತ್ತಿಕೊಂಡಿತು. ಹಳೇ ಟೈರಿನ ದೋಷ ಕಣ್ಣಿಗೆ ಕಾಣುತ್ತದೆ, ಹೊಸದರದು ಯಾರಿಗೆ ಗೊತ್ತು?

ಶನಿವಾರ ಮೊಳಕಾಲ್ಮೂರು ತಲುಪಿದಾಗ ನಾಗರತ್ನ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ನಿಜವಾಗಿ ಬಂದೆನಲ್ಲ ಎಂಬ ಖುಷಿ ಅವಳ ಮುಖದಲ್ಲಿ ಕಂಡಿತು. ಹತ್ತಿ ಕೂತವಳೇ ಸೆರಗು ಸರಿಮಾಡಿಕೊಂಡು, ವಾರವೆಲ್ಲ ಕೂಡಿಟ್ಟಿದ್ದ ಮಾತಿನ ಗಂಟು ಬಿಚ್ಚಿದಳು. "ಪಕ್ಕದ ಮನೆ ಮಗ್ಗದ ಈರಕ್ಕ ಇಲ್ವಾ, ಅವಳ ಸೊಸೆ ಮೊನ್ನೆ ಏನ್ ಮಾಡಿದ್ಲು ಗೊತ್ತಾ..."

"ಒಂದು ನಿಮಿಷ ತಡಿ. ಏನೋ ಸದ್ದು ಬರ್ತಾ ಐತೆ."

"ಏನ್ ಸದ್ದು?"

"ಎಡಗಡೆ ಮುಂದಿನ ಟೈರು. ಗುಂಯ್ ಅಂತೈತೆ."

ದಾರಿಯಲ್ಲಿ ಹಾನಗಲ್ ಬಂದಾಗ ಇಳಿದು ನೋಡಿದೆ, ಏನೂ ಇರಲಿಲ್ಲ. ಮತ್ತೆ ಹೊರಟೆವು. ಅವಳು ಮತ್ತೆ ಈರಕ್ಕನ ಸೊಸೆಯನ್ನು ಎತ್ತಿಕೊಂಡಳು. ನಾನು ಮತ್ತೆ ಬೆರಳೆತ್ತಿದೆ. "ರೀ, ನಾನೂ ಸದ್ದು ಮಾಡ್ತಾ ಇದೀನಿ. ಇದು ಕೇಳಿಸ್ತಾ ಇಲ್ವಾ?" ಎಂದಳು. ಕೇಳಿಸುತ್ತಿತ್ತು. ಆ ಸದ್ದಿಗಾಗಿಯೇ ಅಷ್ಟು ದೂರ ಹೋಗಿದ್ದೆ. ಆದರೆ ಅವಳನ್ನು ಕ್ಷೇಮವಾಗಿ ಮನೆ ಮುಟ್ಟಿಸಿಬಿಟ್ಟರೆ ಆಮೇಲೆ ನಿರಾಳವಾಗಿ ಕೇಳಬಹುದಲ್ಲ ಎಂದು ನನ್ನ ಲೆಕ್ಕ.

ಬಿ.ಜಿ. ಕೆರೆಯ ಬಸ್‌ಸ್ಟಾಪಿನ ಹತ್ತಿರ ಮತ್ತೆ ನಿಲ್ಲಿಸಿದೆ. ಟೈರು ಕಾದಿದೆಯೇ ಎಂದು ಒಂದೊಂದಕ್ಕೂ ಅಂಗೈ ಇಟ್ಟು ನೋಡುತ್ತಿದ್ದಾಗ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, "ಏನ್ ಸಾಮಿ, ಗಾಲಿಗೆ ಜ್ವರ ಬಂದೈತಾ?" ಎಂದರು. ನಾಗರತ್ನ ಗಾಡಿಯಿಂದ ಇಳಿದು ಬಂದು ನಿಂತಳು. ಸರಿಯಾಗಿ ಆಗಲೇ ಚಳ್ಳಕೆರೆ ಕಡೆಗೆ ಹೋಗುವ ಖಾಸಗಿ ಬಸ್ಸು ಬಂದು ನಿಂತಿತು. ಕಿಟಕಿಯಿಂದ ಅವಳ ಜೊತೆಯ ಟೀಚರುಗಳಿಬ್ಬರು ತಲೆ ಹೊರಹಾಕಿದರು. "ಅಯ್ಯೋ ನಾಗರತ್ನಮ್ಮ! ಇಲ್ಲ್ಯಾಕೆ ನಿಂತಿದ್ದೀರಾ? ಬರ್ರಿ, ಸೀಟೈತೆ!"

ಅವಳು ನನ್ನ ಕಡೆ ನೋಡಿದಳು. ನಾನು ಬಲಗಡೆ ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದೆ. "ಇನ್ನೊಂದೇ ಒಂದು, ಮುಗೀತು" ಎಂದೆ.

"ನಿಧಾನವಾಗಿ ನೋಡ್ಕೊಂಡು ಬರ್ರಿ. ನಾನು ಹೋಗಿ ಅನ್ನಕ್ಕಿಟ್ಟಿರ್ತೀನಿ" ಎಂದು ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿಯೇಬಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ನಾನು ಬಸ್ಸಿನ ಹಿಂದೆಯೇ ಹೊರಟೆ. ಬಸ್ಸಿನ ಹಿಂದಿನ ಗಾಜಿನಲ್ಲಿ ಅವಳು ಕಾಣುತ್ತಿದ್ದಳು. ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು, ಆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಈರಕ್ಕನ ಸೊಸೆ ಏನು ಮಾಡಿದಳೆಂದು ಆ ಬಸ್ಸಿಗೆಲ್ಲ ಗೊತ್ತಾಯಿತು, ನನಗೊಬ್ಬನಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಗಾಡಿ ಮಾತ್ರ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು. ಸಿಡಿಯಲಿಲ್ಲ, ಚುಚ್ಚಲಿಲ್ಲ, ಸುಲಿಯಲಿಲ್ಲ. ಗುಂಯ್ ಎನ್ನುವ ಸದ್ದೂ ನಿಂತುಹೋಗಿತ್ತು. ಸರಿ, ಇನ್ನಾದರೂ ನೆಮ್ಮದಿಯಾಗಿ ಮನೆ ಸೇರೋಣ ಎಂದುಕೊಳ್ಳುವಷ್ಟರಲ್ಲಿ ನನ್ನ ಕಣ್ಣು ಬಸ್ಸಿನ ಹಿಂದಿನ ಟೈರಿನ ಮೇಲೆ ಬಿತ್ತು. ಒಂದು ಗೀರಿಲ್ಲ, ನುಣ್ಣಗೆ ಬೋಳು! ಹೆಂಡತಿ ಕೂತಿರುವುದು ಅದರ ಮೇಲೆಯೇ. ಹಾರ್ನ್ ಹೊಡೆದೆ. ಕಿಟಕಿಯಿಂದ ಕೈ ಚಾಚಿ ಕೆಳಗೆ, ಕೆಳಗೆ ಎಂದು ತೋರಿಸಿದೆ. ನಾಗರತ್ನ ತಿರುಗಿ ನೋಡಿದಳು. ಗಂಡ ರಾಜಿಗೆ ಬಂದನೆಂದು ತಿಳಿದಳೋ ಏನೋ, ಮುಖ ತುಂಬ ನಕ್ಕು ಕೈಬೀಸಿದಳು. ಆಮೇಲೆ ತಿರುಗಿಕೊಂಡು ಮಾತು ಮುಂದುವರಿಸಿದಳು.