ಅವ್ವನ ಕೋಣೆಗೆ ಎಂಥ ನೆಲ?

ಯಾರ ಮನೆಗೆ ಹೋದರೂ ನಮ್ಮಪ್ಪ ಹೊಸ್ತಿಲಲ್ಲಿ ಚಪ್ಪಲಿ ಕಳಚಿ, ಬಲಗಾಲಿನ ಹೆಬ್ಬೆರಳಿನಿಂದ ನೆಲವನ್ನು ಎರಡು ಸಲ ಉಜ್ಜಿ ನೋಡಿಯೇ ಒಳಗೆ ಬರುತ್ತಿದ್ದರು. ಕಂದಾಯ ಇಲಾಖೆಯ ಶೇಕದಾರರು ಬಂದರೆಂದು ಎದ್ದು ನಿಂತವರು, ಕೈಮುಗಿದುಕೊಂಡೇ ತಮ್ಮ ನೆಲಕ್ಕೇನಾಯಿತೆಂದು ಬಗ್ಗಿ ನೋಡುತ್ತಿದ್ದರು. ಆ ವರ್ಷ ಮಧುಗಿರಿಯ ನಮ್ಮ ಮನೆಯಲ್ಲಿ ನಗು ಬರುವಂಥದ್ದು ಏನಾದರೊಂದು ನಡೆಯುತ್ತಲೇ ಇತ್ತು. ನಗುವ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ.

ಅವ್ವನಿಗೆ ಉಬ್ಬಸ. ಕೋಟೆಯ ಬುಡದಲ್ಲಿದ್ದ ನಮ್ಮ ಮನೆಯದು ಮಣ್ಣಿನ ನೆಲ. ಮಳೆ ನಿಂತು ಎಷ್ಟು ದಿನವಾದರೂ ಅದರ ತೇವ ಆರುತ್ತಿರಲಿಲ್ಲ. ಮಲಗುವ ಕೋಣೆಯ ನೆಲವನ್ನಾದರೂ ಮುಚ್ಚಿಸಿ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಆಮೇಲೆ ಕಾಂಪೌಂಡರನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಎದೆ ಪೂರ್ತಿ ಹೋಗಿದೆ, ಹೆಚ್ಚೆಂದರೆ ಎರಡು ತಿಂಗಳು, ಮನೆಯವರಿಗೆ ಏನೋ ಮಾಡಿದ ಸಮಾಧಾನವಿರಲಿ ಎಂದರು. ಬಾಗಿಲ ಹತ್ತಿರ ನಿಂತಿದ್ದ ನಾನು ತುಮಕೂರಿನಲ್ಲಿ ಇಂಗ್ಲಿಷ್ ಸ್ಕೂಲು ಮುಗಿಸಿ ಬಂದವಳೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಅವರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ಹೂವಿನ ಹಾಸು

ಸಿರಾದ ಮುಸಾಫಿರ ಬಂಗಲೆಯಲ್ಲಿ ಅಪ್ಪ ಲಿನೋಲಿಯಂ ಎಂಬ ನೆಲಹಾಸು ನೋಡಿದ್ದರು. ಮೇಣಬಟ್ಟೆಯಂಥದ್ದೇ, ಆದರೆ ದಪ್ಪ. ಮೇಲೆ ಕೆಂಪು ಹೂವು. ಸಿರಾದ ಸಾಬರೊಬ್ಬರು ಒಂದು ತುಂಡು ತಂದು ನಡುಮನೆಯಲ್ಲಿ ಹಾಸಿ, ನಾಲ್ಕು ದಿನ ನೀವೇ ಇದರ ಮೇಲೆ ಓಡಾಡಿ ನೋಡ್ರಿ, ನೀರು ಬಿಲ್ಕುಲ್ ಇಳಿಯೋದಿಲ್ಲ ಎಂದು ಹೋದರು.

ನಾಲ್ಕನೆಯ ದಿನ ಬಂದವರು ನಡುಮನೆಯಲ್ಲಿ ನಿಂತು, "ಮಾಲು ವಾಪಸ್ ತೆಗೆದುಬಿಟ್ರಾ, ಶೇಕದಾರ್ ಸಾಹೇಬ್ರೇ?" ಎಂದು ಕೇಳಿದರು. ನಿಂತಿದ್ದದ್ದು ಅದರ ಮೇಲೆಯೇ. ಅಜ್ಜಿ ನಾಲ್ಕೂ ದಿನ ಬೆಳಿಗ್ಗೆ ಎದ್ದು ಅದಕ್ಕೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು. ನೀರು ಕುಡಿಯದ ನೆಲಕ್ಕೆ ಬಳಿದ ಸಗಣಿ ಒಣಗಿ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು, ಅದರ ಧೂಳಿಗೆ ಅವ್ವ ಒಳಗೆ ಕೆಮ್ಮುತ್ತಿದ್ದಳು.

ಇದಕ್ಕೆ ಸಾರಿಸೋದು ಬೇಡಮ್ಮ ಎಂದು ಅಪ್ಪ ತಿಳಿಸಿ ಹೇಳಿದರು. ಅಜ್ಜಿಗೆ ಸಿಟ್ಟು ಬಂತು.

"ಸಾರಿಸ್ದೆ ಇರೋ ನೆಲದಾಗೆ ಸೊಸೆನ ಮಲಗಿಸ್ಲೇನ್ಲಾ? ಅವಳೇನು ಬಂಗ್ಲೆಗೆ ಬಂದಿರೋ ದೊರೆನಾ?"

ತೇಗದ ಹಲಗೆ

ಆಮೇಲೆ ಕೊರಟಗೆರೆಯಿಂದ ಬಡಗಿ ಆಚಾರರು ಬಂದರು. ಮಾದರಿಗೆಂದು ಪಡಸಾಲೆಯಲ್ಲಿ ನಾಲ್ಕು ತೇಗದ ಹಲಗೆ ಜೋಡಿಸಿ ಹೋದರು. ಎಣ್ಣೆ ಹಚ್ಚಿ ಉಜ್ಜಿದ ಹಲಗೆ, ನೋಡಲು ಚೆಂದವಾಗಿತ್ತು.

ನಮ್ಮ ಕಡೆ ಮನೆಗೆ ಬಂದವರನ್ನು ಮಣೆಯ ಮೇಲೆ ಕೂರಿಸುವುದು ಊಟಕ್ಕೆ. ಅವ್ವನನ್ನು ನೋಡಲು ತೋವಿನಕೆರೆಯಿಂದ ಬಂದ ಅಪ್ಪನ ಸೋದರಮಾವ ಆ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗಿಯ ತೋಳು ಮಡಚಿ, ಅಡುಗೆಮನೆಯ ಕಡೆ ಮುಖ ಮಾಡಿದರು. ಅಜ್ಜಿ ಬೇರೆ ದಾರಿಯಿಲ್ಲದೆ ಎಲೆ ಹಾಕಿದರು. ಬಂದವರು ಎರಡು ಮುದ್ದೆ ಉಂಡು, ಕೈತೊಳೆದು, ಮತ್ತೆ ಅಲ್ಲೇ ಬಂದು ಕೂತರು. ನೆಲ ಹೆಂಗಿದೆ ಮಾವ ಎಂದು ಅಪ್ಪ ಆಸೆಯಿಂದ ಕೇಳಿದರು.

"ನೆಲಕ್ಕೇನಪ್ಪ, ಚೆನ್ನಾಗೈತೆ. ಕೂತ್ರೆ ಹಸಿವಾಯ್ತದೆ."

ಅವ್ವನನ್ನು ನೋಡುವುದನ್ನು ಮರೆತು ಅವರು ಎದ್ದುಹೋದರು.

ಎರಡರಲ್ಲಿ ಒಂದು

ಅಪ್ಪ ಕಚೇರಿ ಕೆಲಸದ ಮೇಲೆ ಊರೂರಿಗೆ ಸರ್ಕೀಟು ಹೋದಲ್ಲೆಲ್ಲ ಇದನ್ನೇ ವಿಚಾರಿಸುತ್ತಿದ್ದರು. ವೈ.ಎನ್. ಹೊಸಕೋಟೆಯ ಒಬ್ಬ ರೈತ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಕಡಲೆಕಾಯಿ ಒಣಗಿಸಲು ಎರಡೂ ಆಗುವುದಿಲ್ಲ ಎಂದನಂತೆ. ಲಿನೋಲಿಯಂ ಜೊತೆ ಬಂದಿದ್ದ ಇಂಗ್ಲಿಷ್ ಕಾಗದವನ್ನು ಅಪ್ಪ ನನ್ನಿಂದ ಮತ್ತೆ ಮತ್ತೆ ಓದಿಸಿದರು. ಇಪ್ಪತ್ತು ವರ್ಷ ಬಾಳುತ್ತದೆ ಎಂದು ಅದರಲ್ಲಿತ್ತು. ಹಲಗೆ ಎಷ್ಟು ಬಾಳುತ್ತದೆಂದು ಆಚಾರರನ್ನು ಕೇಳಿದರೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದರು. ಯಾವುದು ಹೆಚ್ಚು ಬಾಳುತ್ತದೆ ಎಂಬ ಯೋಚನೆಯಲ್ಲಿ ಐದು ವಾರ ಕಳೆಯಿತು. ನಾನು ಕಾಗದ ಮಡಚಿ ಕೊಡುವಾಗೆಲ್ಲ ಡಾಕ್ಟರ ಮಾತು ಹೇಳಿಬಿಡೋಣವೆಂದು ಬಾಯಿ ತೆರೆಯುತ್ತಿದ್ದೆ. "ಇನ್ನೊಂದ್ಸಲ ಓದಮ್ಮ," ಎನ್ನುತ್ತಿದ್ದರು ಅಪ್ಪ. ಓದುತ್ತಿದ್ದೆ.

ಅಳತೆ

ಕೊನೆಗೆ ಹಲಗೆಯೇ ಆಯಿತು. ಆಚಾರರು ಅವ್ವನ ಕೋಣೆ ಅಳೆಯಲು ಬಂದರು. ದಾರದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಗೋಡೆಯಿಂದ ಗೋಡೆಗೆ ಇರುವೆ ನುಸುಳಲೂ ಜಾಗವಿಲ್ಲದ ಹಾಗೆ ಹೊಡೆಯುತ್ತೇನೆ ಎಂದು ಅವರು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪನಿಗೆ ಬಹಳ ದಿನದ ಮೇಲೆ ಸಂತೋಷವಾಗಿತ್ತು. ಮಂಚದ ಮೇಲೆ ಒರಗಿ ಕೂತಿದ್ದ ಅವ್ವ ಬಾಗಿಲ ಹತ್ತಿರ ಒಂದಿಷ್ಟು ಮಣ್ಣು ಹಾಗೇ ಬಿಡಿ ಎಂದಳು.

ನೀರಿನ ಗಡಿಗೆ ಇಡೋಕೇನವ್ವ ಎಂದು ಕೇಳಿದರು ಆಚಾರರು.

"ಗಡಿಗೆಗಲ್ಲ ಆಚಾರ್ರೇ. ನನ್ನ ಇಳಿಸೋಕೆ."

ಕೊನೆಯುಸಿರು ಎಳೆಯುವವರನ್ನು ಮಂಚದಿಂದ ಇಳಿಸಿ ಬರಿ ನೆಲದ ಮೇಲೆ ಮಲಗಿಸುವುದು ನಮ್ಮಲ್ಲಿ ಗೊತ್ತಿಲ್ಲದ್ದಲ್ಲ. ಇಷ್ಟು ದಿನ ನೆಲದ ಮಾತೇ ಆಡಿದ ಮನೆಯಲ್ಲಿ ಅದು ಯಾರಿಗೂ ನೆನಪಾಗಿರಲಿಲ್ಲ. ಅಪ್ಪ ಕಿಟಕಿಯ ಕಡೆ ತಿರುಗಿದರು. ಆಚಾರರು ದಾರ ಹಿಡಿದುಕೊಂಡೇ ನಿಂತರು, ನಾನೂ ನಿಂತೆ. ಅವ್ವ ನಮ್ಮೆಲ್ಲರ ಮುಖ ನೋಡಿ ನಕ್ಕಳು. ಅದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದಳು:

"ಯಾಕಿಂಗೆ ನಿಂತ್ಬುಟ್ರಿ? ಆರಡಿ ಏನೂ ಬ್ಯಾಡ. ನಾನು ಗಿಡ್ಡಿ, ಐದಡಿ ಸಾಕು. ಅಷ್ಟು ಬುಟ್ಟು ಹೊಡೀರಿ... ಬುಡ್ತೀರಾ?"