ನಾನು ನೋಡುವಾಗ ಕೆಡದ ಡಬ್ಬಿ

ಯಂತ್ರ ರಿಪೇರಿಯವರ ಬಾಳಿನಲ್ಲಿ ಮರ್ಯಾದೆ ಹೋಗುವ ಪ್ರಸಂಗಗಳಿಗೆ ಬರವಿಲ್ಲ. ನನ್ನದೇ ಹೋಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಾನು ಕಳೆದದ್ದು ಬೇರೆಯವರದು.

ಗುಬ್ಬಿಯಲ್ಲಿ

ಅಂತರಸನಹಳ್ಳಿಯ ನಮ್ಮ ಸಣ್ಣ ಕಂಪನಿ, ಕಾರ್ಖಾನೆಯ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವ ನೆಟ್‌ವರ್ಕ್ ಡಬ್ಬಿ ಮಾಡುತ್ತದೆ. ಅದನ್ನು ಒಳಗಿನಿಂದ ಓಡಿಸುವ ಡ್ರೈವರ್ ಪ್ರೋಗ್ರಾಂ ನಾನು ಬರೆದದ್ದು. ಊರೂರಿಗೆ ಹೋಗಿ ಡಬ್ಬಿ ಕೂರಿಸುವವರು ಹಿರಿಯ ಮೆಕ್ಯಾನಿಕ್. ಎಲ್ಲರಿಗೂ ಅವರು ಭಾಯ್.

"ಗುಬ್ಬಿ ಎಣ್ಣೆ ಮಿಲ್ಲಲ್ಲಿ ದಿನಾ ಬೆಳಗ್ಗೆ ಡಬ್ಬಿ ನಿಂತೋಗುತ್ತೆ ಸಾರ್. ಪ್ರೋಗ್ರಾಂ ನೋಡಿ" ಅಂದರು.

ಮೂರು ದಿನ ಬೆಳಗ್ಗೆ ಹೋಗಿ ಕೂತೆ. ಡಬ್ಬಿ ಏನೂ ಅರಿಯದ ಹಾಗೆ ಓಡಿತು. ಮಿಲ್ಲಿನವರೆಲ್ಲರ ಎದುರೇ, "ಪ್ರೋಗ್ರಾಂ ಸರಿಯಾಗೇ ಇದೆ. ನಿಮಗೆ ವೈರ್ ಹಾಕೋಕೇ ಬರಲ್ಲ ಭಾಯ್" ಅಂದುಬಿಟ್ಟೆ. ವರದಿಯಲ್ಲೂ ಬರೆದೆ. ಕಂಪನಿಯವರು ಅವರನ್ನು ಸ್ಟೋರಿನಲ್ಲಿ ಸ್ಕ್ರೂ ವಿಂಗಡಿಸಲು ಕೂರಿಸಿದರು. ನಾನು ಮಾತ್ರ ಆ ವಾರ ಚೆನ್ನಾಗಿ ನಿದ್ದೆ ಮಾಡಿದೆ.

ಕುಣಿಗಲ್ಲಿನಲ್ಲಿ

ಅಲ್ಲಿನ ಬಟ್ಟೆ ಕಾರ್ಖಾನೆಯಲ್ಲೂ ಡಬ್ಬಿ ನಿಂತಿತು. ಅದನ್ನು ಕೂರಿಸಿದ್ದು ಭಾಯ್ ಅಲ್ಲ, ನಾನೇ! ಕಸ ಗುಡಿಸುವ ಅಮ್ಮ ಡಬ್ಬಿಯ ನೆಟ್‌ವರ್ಕ್ ವೈರ್ ಕಿತ್ತು ಸಿಕ್ಕಿಸಿದಾಗ ಹೀಗಾಗುತ್ತಿತ್ತು. ಪ್ರೋಗ್ರಾಂ ತನ್ನ ಪ್ರತಿ ಹೆಜ್ಜೆಯನ್ನೂ ಬರೆದಿಡುವಂತೆ ಮಾಡಿದೆ. ಬರೆಯುತ್ತ ಅದು ನಿಧಾನವಾಯಿತು, ತೊಂದರೆ ಮಾಯ. ಬರೆಯುವುದನ್ನು ತೆಗೆದೆ, ತೊಂದರೆ ಹಾಜರ್.

ಮಾಲೀಕರು ಅಂದರು: "ಸುಮ್ನೆ ಬರ್ಕೊಂಡೇ ಇರ್ಲಿ ಬುಡಿ ಸಾರ್. ನಮ್ ಸೂಪರ್‌ವೈಸರೂ ಅಷ್ಟೇ ಮಾಡೋದು."

ಕೊನೆಗೆ ಸಿಕ್ಕಿತು. ವೈರ್ ಕಿತ್ತ ಕ್ಷಣ ಪ್ರೋಗ್ರಾಮಿನ ಒಂದು ಭಾಗ ಮೆಮೊರಿ ಖಾಲಿ ಮಾಡುತ್ತಿತ್ತು, ಅದೇ ಕ್ಷಣ ಇನ್ನೊಂದು ಭಾಗ ಅಲ್ಲಿಗೇ ಡೇಟಾ ತುಂಬುತ್ತಿತ್ತು. ಒಬ್ಬರು ಎಲೆ ಎತ್ತುವಾಗ ಇನ್ನೊಬ್ಬರು ಸಾರು ಬಡಿಸಿದ ಹಾಗೆ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುವಂತೆ ಲಾಕ್ ಹಾಕಿದೆ. ನಾಲ್ಕೇ ಸಾಲು.

ಫೋನಿನಲ್ಲಿ

ಗುಬ್ಬಿಗೆ ಫೋನ್ ಮಾಡಿ, "ನೀವೂ ವೈರ್ ಕೀಳ್ತೀರಾ?" ಅಂತ ಕೇಳಿದೆ.

"ದಿನಾ ಕೀಳ್ತೀವಿ ಸಾರ್. ಡಬ್ಬಿ ಒರೆಸಿ, ಕುಂಕುಮ ಇಟ್ಟು, ಪೂಜೆ ಮಾಡಿ ಸಿಕ್ಕಿಸ್ತೀವಿ."

"ನಾನಿದ್ದಾಗ ಯಾಕೆ ಕೀಳಲಿಲ್ಲ?"

"ಇಂಜಿನಿಯರ್ ಸಾಹೇಬ್ರು ಪಕ್ಕದಲ್ಲೇ ಕೂತಿರುವಾಗ ಕೀಳೋಕಾಗುತ್ತಾ? ಭಾಯ್ ಆದ್ರೆ ನಮ್ಮೋರು!"

ಸ್ಟೋರಿನಲ್ಲಿ

"ಭಾಯ್, ತಪ್ಪು ನನ್ನದು. ಕ್ಷಮಿಸಿ. ನಿಮ್ಮನ್ನ ಮೊದಲಿನ ಕೆಲಸಕ್ಕೇ ಹಾಕಿ ಅಂತ ಬರೆದುಕೊಟ್ಟಿದೀನಿ" ಅಂದೆ. ಅವರ ಮುಖ ನೋಡಲು ನಾಚಿಕೆಯಾಯಿತು.

"ಬೈದಾಗ ಅಷ್ಟೊಂದ್ ಜನ ಇದ್ರು ಸಾರ್. ಈಗ ನಾವಿಬ್ರೇ ಇದೀವಲ್ಲ?"

ನಿಜವೇ. ಊಟದ ಹೊತ್ತಿನಲ್ಲಿ ಕಂಪನಿಯವರನ್ನೆಲ್ಲ ಸೇರಿಸಿ, ಎಲ್ಲವನ್ನೂ ಒಪ್ಪಿಕೊಂಡೆ. ಭಾಯ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ನನ್ನ ಬಾಯಿಯ ಹತ್ತಿರ ತಂದರು.

"ಇನ್ನೊಂದ್ಸಲ ಜೋರಾಗಿ ಹೇಳಿ ಸಾರ್. ಗುಬ್ಬಿ ಮಿಲ್ನೋರಿಗೆ ಕೇಳಿಸ್ಲಿಲ್ವಂತೆ."