ಏಳನೆಯ ಜಾಡಿ

ಕೆಂಟಕಿಯ ಗುಡ್ಡದ ತಿರುವುಗಳಲ್ಲಿ ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿದ ವೀರನಿಗೆ ಹುರುಳಿಕಾಯಿಯನ್ನು ತಿಂಗಳುಗಟ್ಟಲೆ ಕೆಡದಂತೆ ಜಾಡಿಗೆ ತುಂಬಿ ಬೇಯಿಸುವುದು ಯಾವ ದೊಡ್ಡ ವಿದ್ಯೆ? ಕಾಲು ಮುರಿದುಕೊಂಡ ತಂಗಿಯನ್ನು ನೋಡಿಕೊಳ್ಳಲು ಹೊರಟಿದ್ದ ಹೆಂಡತಿ ನೆಡ್ರಾಳ ಮುಂದೆ ನಾನು ಹಾಗೆಂದು ಘೋಷಿಸಿದೆ.

"ಹಿತ್ತಲ ಕಾಯಿ ನಾನು ಬರೋಷ್ಟರಲ್ಲಿ ಬಲಿತು ನಾರಾಗುತ್ತೆ ಎಲ್ಡನ್. ಚಳಿಗಾಲಕ್ಕೆ ಏನು ತಿಂತೀಯ?"

"ಏಳು ಜಾಡಿ ತುಂಬಿ ನಿಲ್ಲಿಸಿರ್ತೀನಿ, ನೋಡ್ತಿರು."

"ನಿನಗೆ ಮೊಟ್ಟೆ ಬೇಯಿಸೋಕೇ ಬರಲ್ಲ."

"ಅದು ಮೊಟ್ಟೆದು ತಪ್ಪು."

"ಪುಸ್ತಕದಲ್ಲಿ ಇದ್ದ ಹಾಗೆ ಮಾಡು. ತಲೆ ಓಡಿಸಬೇಡ."

ಓಡಿಸಿದೆ. ಹಂದಿಯ ಕೊಬ್ಬಿಲ್ಲದ ಹುರುಳಿಕಾಯಿಯನ್ನು ನಮ್ಮ ಕಡೆ ಕಾಯಿಲೆಯವರಿಗೂ ಬಡಿಸುವುದಿಲ್ಲ. ಪುಸ್ತಕದಲ್ಲಿ ಕೊಬ್ಬಿನ ಹೆಸರೇ ಇರಲಿಲ್ಲ. ಬರೆದವರು ಯಾವುದೋ ರುಚಿಗೆಟ್ಟ ಊರಿನವರು ಎಂದುಕೊಂಡು ಪ್ರತಿ ಜಾಡಿಗೂ ಎರಡೆರಡು ಸೌಟು ಕರಗಿಸಿದ ಕೊಬ್ಬು ಸುರಿದೆ. ಬಾಯಂಚಿಗೆಲ್ಲ ಚೆಲ್ಲಿತು. ಇರಲಿ, ಅದೂ ರುಚಿಯೇ ಎಂದು ಒರೆಸದೆ ಮುಚ್ಚಳ ಹಾಕಿದೆ.

ಆರು ಜಾಡಿ ತುಂಬಿತು. ಏಳನೆಯದು ಸಿಗಲಿಲ್ಲ. ನೆಲಮಾಳಿಗೆಯ ಮೇಲಿನ ಹಲಗೆಯಲ್ಲಿ ಧೂಳು ಹಿಡಿದ ನೀಲಿ ಗಾಜಿನ ಜಾಡಿಯೊಂದಿತ್ತು. ಒಳಗಿದ್ದ ಕಂದು ಬಣ್ಣದ್ದನ್ನು ಗೊಬ್ಬರದ ಗುಂಡಿಗೆ ಸುರಿದು, ಜಾಡಿಯನ್ನು ತಿಕ್ಕಿ ತೊಳೆದು ತಂದೆ. ಅಷ್ಟರಲ್ಲಿ ಕೊಬ್ಬು ಮುಗಿದಿತ್ತು. ಅದಕ್ಕೆ ಬರೀ ಉಪ್ಪುನೀರಿನ ಭಾಗ್ಯ.

ಏಳೂ ಜಾಡಿ ಇಳಿಸಿದ ದೈತ್ಯ ಕುಕ್ಕರಿನ ಮೇಲೆ ತೂಕದ ಗುಂಡು ಕುಣಿಯತೊಡಗಿದಾಗ ನಾನು ಇಸ್ತ್ರಿ ಹಲಗೆಯನ್ನು ಗುರಾಣಿಯಾಗಿ ಹಿಡಿದು ಫ್ರಿಜ್ಜಿನ ಹಿಂದೆ ಇಪ್ಪತ್ತೈದು ನಿಮಿಷ ಧೈರ್ಯವಾಗಿ ನಿಂತೆ. ಆಮೇಲೆ ಜಾಡಿಗಳನ್ನು ಹೊರತೆಗೆದು ಕಿವಿಗೊಟ್ಟು ಕೂತೆ. ಆರುತ್ತಾ ಮುಚ್ಚಳ ಬಿಗಿದುಕೊಂಡರೆ ಟಿಣ್ ಎನ್ನಬೇಕು. ಒಂದು ಟಿಣ್ ಕೇಳಿಸಿತು. ಉಳಿದ ಆರು ಮರುದಿನ ನೆಡ್ರಾ ಬಾಗಿಲು ತೆಗೆಯುವವರೆಗೂ ಮೌನವ್ರತ ಬಿಡಲಿಲ್ಲ.

ಅವಳು ಬೆರಳಿನಿಂದ ಒಂದೊಂದೇ ಮುಚ್ಚಳ ಒತ್ತಿದಳು. ಆರೂ ಟಪ್ ಟಪ್ ಎಂದು ಚಿಮ್ಮಿದವು.

"ಕೊಬ್ಬು ಹಾಕಿದ್ಯಾ?"

"ಸ್ವಲ್ಪ."

"ಅಂಚಿಗೆ ಜಿಡ್ಡು ಮೆತ್ತಿದ್ರೆ ಮುಚ್ಚಳ ಹೆಂಗೆ ಹಿಡಿಯುತ್ತೆ? ಎಲ್ಲಾ ಗುಂಡಿಗೆ ಸುರಿ." ಅಷ್ಟರಲ್ಲಿ ಮುಚ್ಚಳ ಬಿಗಿದುಕೊಂಡಿದ್ದ ಏಳನೆಯದು ಕಣ್ಣಿಗೆ ಬಿತ್ತು. "ಈ ಜಾಡಿ ಎಲ್ಲಿ ಸಿಕ್ತು?"

"ಮೇಲಿನ ಹಲಗೆ. ಒಳಗೆ ಏನೋ ಹಳೇದು ಕೊಳೀತಿತ್ತು."

ಅವಳು ಕುರ್ಚಿಯಲ್ಲಿ ಕೂತಳು. "ಅದು ಅಮ್ಮ ತುಂಬಿದ ಕೊನೇ ಜಾಡಿ. ತುಂಬಿ ಎರಡು ವಾರಕ್ಕೆ ಹೋಗ್ಬಿಟ್ಲು. ತಿನ್ನೋಕೂ ಮನಸ್ಸು ಬರಲಿಲ್ಲ, ಚೆಲ್ಲೋಕೂ."

ಆ ಗುಂಡಿಯಲ್ಲಿ ನಾನೂ ಹೋಗಿ ಮಲಗಬೇಕು ಅನ್ನಿಸಿತು.

ಅವಳು ಜಾಡಿಯನ್ನು ಬೆಳಕಿಗೆ ಹಿಡಿದು ಕೇಳಿದಳು, "ಇದೊಂದಕ್ಕೆ ಯಾಕೆ ಕೊಬ್ಬು ಹಾಕಲಿಲ್ಲ?"

"ಮುಗಿದುಹೋಗಿತ್ತು."

ನೆಡ್ರಾ ನಕ್ಕಳು, ಕಣ್ಣೊರೆಸಿಕೊಂಡಳು. "ಅಮ್ಮನೇ ಮುಗಿಸಿರ್ತಾಳೆ. ಅವಳ ಜಾಡಿ ಯಾವತ್ತೂ ಕೆಟ್ಟಿದ್ದಿಲ್ಲ."

ಮುಚ್ಚಳದ ಮೇಲೆ ಏನೋ ಬರೆದು, ಜಾಡಿಯನ್ನು ಅದೇ ಹಲಗೆಯ ಅದೇ ಜಾಗದಲ್ಲಿಟ್ಟಳು. ನಾನು ಇಳಿದುಹೋಗಿ ನೋಡಿದೆ. ತಾರೀಖಿನ ಕೆಳಗೆ 'ಎಲ್ಡನ್ ತುಂಬಿದ ಕೊನೆಯ ಜಾಡಿ' ಎಂದಿತ್ತು.

"ನಾನಿನ್ನೂ ಬದುಕಿದ್ದೀನಿ ಕಣೇ" ಎಂದು ಕೂಗಿದೆ.

"ಹಂಗೇ ಇರಬೇಕು ಅಂದ್ರೆ ಒಲೆ ಹತ್ರ ಬರಬೇಡ" ಎಂದಿತು ಮೇಲಿನಿಂದ ಉತ್ತರ.